ಒಂದೇ ಶಾಪಿಂಗ್ ಅಕೌಂಟ್, ಮನೆಮಂದಿಯೆಲ್ಲ ನೋಡುತ್ತಾರೆ: ಉಡುಗೊರೆ ಗುಟ್ಟಾಗಿ ಕೊಳ್ಳುವುದು ಹೇಗೆ?

ಬಾಯಿಬಿಡದವಳು ಕೇಳಿದ್ದು:

ನಮ್ಮ ಮನೆಯಲ್ಲಿ ಆನ್‌ಲೈನ್ ಶಾಪಿಂಗ್‌ಗೆ ಇರುವುದು ಒಂದೇ ಅಕೌಂಟ್. ವರ್ಷಗಳ ಹಿಂದೆ ನಾನೇ ಮಾಡಿದ್ದು. ಆಮೇಲೆ ಗಂಡನ ಫೋನಿಗೆ ಹಾಕಿದೆ, ಅತ್ತೆಯ ಫೋನಿಗೆ ಹಾಕಿದೆ, ಮಕ್ಕಳು ಬಳಸುವ ಟ್ಯಾಬ್‌ಗೂ ಹೋಯಿತು. ಈಗ ಯಾರು ಏನು ನೋಡಿದರೂ ಎಲ್ಲರಿಗೂ ಗೊತ್ತಾಗುತ್ತದೆ.

ಹೋದ ಸಲ ಗಂಡನ ಹುಟ್ಟುಹಬ್ಬಕ್ಕೆ ಬೈನಾಕ್ಯುಲರ್ ಕೊಡೋಣ ಅಂದುಕೊಂಡೆ. ಹಕ್ಕಿ ನೋಡುವ ಹುಚ್ಚು ಅವರಿಗೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹುಡುಕಿ ಹುಡುಕಿ ಒಂದು ಆರಿಸಿ ಆರ್ಡರ್ ಮಾಡಿದೆ. ಬೆಳಿಗ್ಗೆ ಅವರು ಗಡಿಯಾರಕ್ಕೆ ಸೆಲ್ ತರಿಸೋಣ ಅಂತ ಟ್ಯಾಬ್ ತೆಗೆದರೆ ಮೊದಲ ಪುಟದಲ್ಲೇ 'ನೀವು ಇತ್ತೀಚೆಗೆ ನೋಡಿದ್ದು' ಅಂತ ನಾಲ್ಕು ಬೈನಾಕ್ಯುಲರ್ ಸಾಲಾಗಿ ನಿಂತಿವೆ, ಅದರ ಕೆಳಗೆ ಬೈನಾಕ್ಯುಲರ್ ಹಾಕುವ ಚೀಲ, ಅದರ ಕೆಳಗೆ ಲೆನ್ಸ್ ಒರೆಸುವ ಬಟ್ಟೆ. ಪಾಪ, ಏನೂ ಹೇಳಲಿಲ್ಲ. ಸಂಜೆ ಮಾತ್ರ ಕಪಾಟಿನಲ್ಲಿ ಒಂದು ಗೂಡು ಖಾಲಿ ಮಾಡುತ್ತಿದ್ದರು.

ಅವರದ್ದು ಬಿಡಿ. ಈಗ ಮಗಳ ಸರದಿ. ಒಂದೂವರೆ ತಿಂಗಳಲ್ಲಿ ಅವಳಿಗೆ 12 ತುಂಬುತ್ತದೆ. ಸಂಗೀತದ ಕೀಬೋರ್ಡ್ ಕೊಡಿಸಬೇಕು. ಅವಳ ಕಣ್ಣು ತಪ್ಪಿಸುವುದು ಅಪ್ಪನ ಕಣ್ಣು ತಪ್ಪಿಸಿದಷ್ಟು ಸುಲಭ ಅಲ್ಲ. ಆರ್ಡರ್ ಪಟ್ಟಿಯಿಂದ ಒಂದನ್ನು ಅಳಿಸಲು ಆಗುತ್ತದಾ? ಇನ್‌ಕಾಗ್ನಿಟೋದಲ್ಲಿ ಕೊಂಡರೆ ಸಾಕಾ? ಪಾಸ್‌ವರ್ಡ್ ಬದಲಿಸಿ ಅನ್ನಬೇಡಿ. ಬದಲಿಸಿದ ಐದೇ ನಿಮಿಷಕ್ಕೆ ನಾಲ್ಕು ಜನ ಬಂದು ಯಾಕೆ ಅಂತ ಕೇಳುತ್ತಾರೆ.

---

ಹಳೇಕೀಲಿ ಉತ್ತರ:

ಯಾವ ಆಪ್ ಅಂತ ನೀವು ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ, ಈ ವಿಷಯದಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ.

ಮೊದಲು ಅಳಿಸುವ ಮಾತು. ಆಗುವುದಿಲ್ಲ. ಬಿಲ್ಲು, ವಾಪಸಾತಿ, ವಾರಂಟಿ ಎಲ್ಲ ಆ ಆರ್ಡರ್ ಮೇಲೆಯೇ ನಿಂತಿರುತ್ತದೆ, ಹಾಗಾಗಿ ಅಂಗಡಿಯವರು ಅದನ್ನು ಅಳಿಸಲು ಬಿಡುವುದಿಲ್ಲ. ಕೆಲವು ಕಡೆ ಆರ್ಡರನ್ನು 'ಮರೆಮಾಡು' ಅಥವಾ 'ಆರ್ಕೈವ್' ಅನ್ನುವ ಆಯ್ಕೆ ಕೊಟ್ಟಿರುತ್ತಾರೆ. ಅದು ಮೇಲಿನ ಡ್ರಾಯರ್‌ನಿಂದ ಕೆಳಗಿನ ಡ್ರಾಯರ್‌ಗೆ ಹಾಕಿದಷ್ಟೇ. ಅದೇ ಅಕೌಂಟಿನಲ್ಲಿ ಇರುವವರು ಕೆಳಗಿನ ಡ್ರಾಯರ್ ಎಳೆದರೆ ಅಲ್ಲೇ ಕಾಣುತ್ತದೆ. ಗಂಡನಿಗೆ ಇಷ್ಟು ಸಾಕಿತ್ತೇನೋ, ನೀವು ಹೇಳಿದ ಮಗಳಿಗೆ ಸಾಲದು.

ಇನ್‌ಕಾಗ್ನಿಟೋ ಬಗ್ಗೆ ಜನಕ್ಕೆ ಇರುವ ನಂಬಿಕೆ ನೋಡಿದರೆ ನನಗೆ ಆಶ್ಚರ್ಯ. ಕ್ರೋಮ್ ಬಂದದ್ದು 2008ರಲ್ಲಿ, ಆಗಿನಿಂದಲೂ ಅದರಲ್ಲಿ ಇನ್‌ಕಾಗ್ನಿಟೋ ಇದೆ, ಆಗಿನಿಂದಲೂ ಅದು ಮಾಡುವುದು ಮುಖ್ಯವಾಗಿ ಒಂದೇ ಕೆಲಸ: ನೀವು ನೋಡಿದ್ದನ್ನು ಆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಉಳಿಸುವುದಿಲ್ಲ. ಇನ್‌ಕಾಗ್ನಿಟೋ ತೆರೆದು ಅದರೊಳಗೆ ಮನೆಯ ಅಕೌಂಟಿಗೆ ಲಾಗಿನ್ ಆದಿರಿ ಅಂದರೆ ಕಥೆ ಮುಗಿಯಿತು. ಅಂಗಡಿಯ ಕಡೆ ಎಲ್ಲ ದಾಖಲಾಗುತ್ತದೆ, ಟ್ಯಾಬ್‌ನಲ್ಲಿ ಎಂದಿನಂತೆ ಕಾಣುತ್ತದೆ.

ಹಾಗಂತ ಅದು ಕೆಲಸಕ್ಕೆ ಬಾರದ್ದಲ್ಲ. ಲಾಗಿನ್ ಆಗದೆ ಬಳಸಿ. ಅಲ್ಲೇ ಹುಡುಕಿ, ಹೋಲಿಸಿ, ರಿವ್ಯೂ ಓದಿ, ಯಾವುದು ಅಂತ ತೀರ್ಮಾನ ಮಾಡಿ. ನಿಮ್ಮ ಬೈನಾಕ್ಯುಲರ್ ಗುಟ್ಟು ಬಿಟ್ಟದ್ದು ಆರ್ಡರಿನಿಂದ ಅಲ್ಲ, ಹುಡುಕಾಟದಿಂದ. ನಾಲ್ಕು ನೋಡಿದಿರಿ, ನಾಲ್ಕೂ ಮೊದಲ ಪುಟಕ್ಕೆ ಬಂದವು.

ಇನ್ನೊಂದು ದೊಡ್ಡ ತೂತು ಕಾರ್ಟ್. 'ನಾಳೆ ನೋಡೋಣ' ಅಂತ ಕಾರ್ಟ್‌ಗೆ ಹಾಕಿ ಮಲಗಿದರೆ ಎಲ್ಲರ ಫೋನಿನಲ್ಲೂ ಆ ಪುಟ್ಟ ಬಂಡಿಯ ಮೇಲೆ 1 ಅಂತ ಬರುತ್ತದೆ. ಯಾರಾದರೂ ಒತ್ತದೆ ಬಿಡುತ್ತಾರಾ?

ಹೇಗಿದ್ದರೂ ಅದೇ ಅಕೌಂಟಿನಲ್ಲಿ ಕೊಳ್ಳಲೇಬೇಕು ಅಂದರೆ, ಕೊಂಡ ತಕ್ಷಣ ನೋಡಿದವುಗಳ ಪಟ್ಟಿಯಿಂದ ಆ ವಸ್ತುವನ್ನು ತೆಗೆಯಿರಿ. ಅಮೆಜಾನ್‌ನಲ್ಲಿ ಒಂದೊಂದಾಗಿ ತೆಗೆಯಬಹುದು, ಪಟ್ಟಿ ದಾಖಲಾಗುವುದನ್ನೇ ನಿಲ್ಲಿಸಲೂಬಹುದು. 'ಕೊಂಡ ಈ ವಸ್ತುವನ್ನು ಶಿಫಾರಸಿಗೆ ಬಳಸಬೇಡ' ಅನ್ನುವ ಇನ್ನೊಂದು ಆಯ್ಕೆ ಬೇರೆಯೇ ಕಡೆ ಇರುತ್ತದೆ, ಅದನ್ನು ಮರೆಯುವವರೇ ಜಾಸ್ತಿ. ಪಟ್ಟಿಯಿಂದ ಕೀಬೋರ್ಡ್ ತೆಗೆದು ಸಮಾಧಾನವಾಗಿ ಕೂತಿರುತ್ತೀರಿ, ಮೂರು ದಿನ ಬಿಟ್ಟು ಕೀಬೋರ್ಡ್ ಸ್ಟ್ಯಾಂಡ್ ಬೇಕಾ ಅಂತ ಆಪ್ ಮಗಳನ್ನೇ ಕೇಳುತ್ತದೆ. ಹುಡುಕುವ ಪಟ್ಟಿಯಲ್ಲಿ ಹಿಂದಿನ ಪದಗಳೂ ಉಳಿದಿರುತ್ತವೆ, ಅವನ್ನೂ ಅಳಿಸಿ.

---

ಮೂರನೇ ಮಹಡಿ ಉತ್ತರ:

ಹಳೇಕೀಲಿಯವರು ಹೇಳಿದ್ದೆಲ್ಲ ಸರಿ, ಆದರೆ ತೂತು ಮುಚ್ಚುತ್ತಾ ಕೂರುವ ಬದಲು ಬೇರೆ ಮಡಕೆ ತರುವುದು ವಾಸಿ ಅಲ್ವಾ? ಉಡುಗೊರೆಗೆ ಅಂತಲೇ ಇನ್ನೊಂದು ಅಕೌಂಟ್ ಮಾಡಿಕೊಳ್ಳಿ. ಹತ್ತು ನಿಮಿಷದ ಕೆಲಸ. ನಾನು ಹಾಗೇ ಮಾಡಿಕೊಂಡಿದ್ದೇನೆ.

ಆದರೆ ಬೇರೆ ಅಕೌಂಟ್ ಅಂದರೆ ಪೂರ್ತಿ ಬೇರೆ ಆಗಿರಬೇಕು. ನಾನು ಮೊದಲ ಸಲ ಮಾಡಿದಾಗ ಜಾಣತನ ತೋರಿಸಲು ಹೋಗಿ ಮನೆಯ ಜಿಮೇಲ್ ವಿಳಾಸದಲ್ಲಿ @ ಗಿಂತ ಮೊದಲು ಒಂದು ಪ್ಲಸ್ ಚಿಹ್ನೆ, ಅದರ ಮುಂದೆ ಒಂದು ಪದ ಸೇರಿಸಿ ಹೊಸ ವಿಳಾಸದ ಹಾಗೆ ಕೊಟ್ಟೆ. ಅಂಗಡಿ ಅದನ್ನು ಬೇರೆ ಅಂತ ಒಪ್ಪಿಕೊಂಡಿತು. ಜಿಮೇಲ್ ಮಾತ್ರ ಎಲ್ಲ ಪತ್ರಗಳನ್ನೂ ಹಳೆಯ ಇನ್‌ಬಾಕ್ಸ್‌ಗೇ ತಂದು ಹಾಕಿತು. ಅದು ಇರುವುದೇ ಹಾಗೆ. ನನ್ನ ಹೆಂಡತಿ ಬಿಲ್ ಓದಿದ ಮೇಲೆ ನನಗೆ ತಿಳಿಯಿತು.

ದುಡ್ಡು ಕಟ್ಟುವ ಕಡೆಯೂ ನೋಡಿಕೊಳ್ಳಿ. ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಅಂಗಡಿಯ ಹೆಸರು ಮತ್ತು ಮೊತ್ತ ಬರುತ್ತದೆ, ಸಾಮಾನ್ಯವಾಗಿ ವಸ್ತುವಿನ ಹೆಸರು ಬರುವುದಿಲ್ಲ. ಮಗಳ ವಿಷಯದಲ್ಲಿ ಇದು ತಲೆನೋವೇ ಅಲ್ಲ. ಗಂಡ ಹೆಂಡತಿಯ ಜಂಟಿ ಖಾತೆಯಿಂದ ಒಬ್ಬರಿಗೊಬ್ಬರು ಕೊಡುವಾಗ ಮಾತ್ರ ತೊಂದರೆ. ಗಿಫ್ಟ್ ಕಾರ್ಡ್ ಮೊದಲೇ ಕೊಂಡಿಟ್ಟು, ಆಮೇಲೆ ಅದರಿಂದ ಕಟ್ಟಿದರೆ ಆ ದಿನ ಬ್ಯಾಂಕಿನ ಮೆಸೇಜ್ ಬರುವುದಿಲ್ಲ.

ಆಮೇಲೆ ಪೆಟ್ಟಿಗೆ. ಇದನ್ನು ಎಲ್ಲರೂ ಕೊನೆಗೆ ನೆನಪಿಸಿಕೊಳ್ಳುತ್ತಾರೆ. ಕೀಬೋರ್ಡಿನಂಥ ಉದ್ದದ ವಸ್ತುಗಳು ಎಷ್ಟೋ ಸಲ ಕಂಪನಿಯ ಪೆಟ್ಟಿಗೆಯಲ್ಲೇ ಬರುತ್ತವೆ, ಹೊರಗೆ ಒಂದು ಚೀಟಿ ಅಂಟಿಸಿರುತ್ತಾರೆ ಅಷ್ಟೇ. ಪೆಟ್ಟಿಗೆಯ ಮೇಲೆ ಇಷ್ಟು ದೊಡ್ಡ ಚಿತ್ರ. ನೀವು ಆನ್‌ಲೈನ್‌ನಲ್ಲಿ ಎಷ್ಟೇ ಗುಟ್ಟು ಮಾಡಿ, ಬಾಗಿಲು ತೆಗೆಯುವುದು ಮಗಳಾದರೆ ಏನು ಮಾಡುತ್ತೀರಿ? ಕೊಳ್ಳುವಾಗ ಹೊರಪೆಟ್ಟಿಗೆ ಹಾಕಿ ಕಳಿಸುವ ಆಯ್ಕೆ ಇದೆಯಾ ನೋಡಿ. ಇಲ್ಲದಿದ್ದರೆ ಆಫೀಸಿಗೋ ಗೆಳತಿಯ ಮನೆಗೋ ತರಿಸಿ. ಪಿಕಪ್ ಲಾಕರ್ ಇರುವ ಕಡೆ ಅದೂ ಒಳ್ಳೆಯದು, ಆದರೆ ಉದ್ದದ ಪೆಟ್ಟಿಗೆ ಅದರಲ್ಲಿ ಹಿಡಿಸುವುದಿಲ್ಲ.

---

ಬಾಯಿಬಿಡದವಳು ಉತ್ತರ:

ಅಯ್ಯೋ, ಇಮೇಲ್ ನೆನಪೇ ಆಗಿರಲಿಲ್ಲ. ಅಕೌಂಟಿಗೆ ಕೊಟ್ಟಿರುವುದು ಮನೆಯ ಇಮೇಲ್. ಶಾಲೆಯ ಪತ್ರಗಳೂ ಅದಕ್ಕೇ ಬರುವುದು. ದಿನಾ ಅದನ್ನು ತೆರೆದು 'ನಾಳೆ ಏನಿದೆ' ಅಂತ ನೋಡುವುದು ಯಾರು ಗೊತ್ತಾ? ಮಗಳೇ!

---

ಬೆಳಗಿನ ಬಸ್ ಉತ್ತರ:

ಹಾಗಿದ್ದರೆ ಬೇರೆ ಅಕೌಂಟೇ ಗತಿ. ಇಮೇಲ್ ಬಂದ ಕೂಡಲೇ ಅಳಿಸುತ್ತೇನೆ ಅಂದುಕೊಂಡರೆ ಅದು ನಡೆಯುವ ಮಾತಲ್ಲ. ಒಂದು ಆರ್ಡರಿಗೆ ಎಷ್ಟು ಪತ್ರ ಅಂತ ಎಣಿಸಿ ನೋಡಿ: ಆರ್ಡರ್ ಸಿಕ್ಕಿತು, ಹೊರಟಿತು, ಇವತ್ತು ಬರುತ್ತದೆ, ಬಂತು, ಹೇಗಿತ್ತು ರಿವ್ಯೂ ಬರೆಯಿರಿ. ಅಳಿಸಿದ್ದು ಕೂಡ ಜಿಮೇಲ್‌ನಲ್ಲಿ 30 ದಿನ ಟ್ರ್ಯಾಶ್‌ನಲ್ಲೇ ಕೂತಿರುತ್ತದೆ. ಪಾರ್ಸೆಲ್ ಟ್ರ್ಯಾಕಿಂಗ್ ಆಯ್ಕೆ ಆನ್ ಆಗಿದ್ದರೆ ಪತ್ರ ತೆರೆಯದೆಯೇ ಇನ್‌ಬಾಕ್ಸ್ ಪಟ್ಟಿಯಲ್ಲಿ ಪಾರ್ಸೆಲ್ ಯಾವ ದಿನ ಬರುತ್ತದೆ ಅಂತ ಕಾಣಬಹುದು.

ನಾನು ಹೇಳಬೇಕು ಅಂತ ಬಂದದ್ದು ಸ್ಮಾರ್ಟ್ ಸ್ಪೀಕರ್ ಬಗ್ಗೆ. ಮನೆಯಲ್ಲಿ ಅಲೆಕ್ಸಾ ಇದ್ದು ಅದೇ ಅಮೆಜಾನ್ ಅಕೌಂಟಿಗೆ ಜೋಡಿಸಿದ್ದರೆ ಅದು ಹಳದಿ ದೀಪ ಮಿನುಗಿಸಿ ಪಾರ್ಸೆಲ್ ಸುದ್ದಿ ಹೇಳುತ್ತದೆ. ಅಲೆಕ್ಸಾ ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್, ಅದರೊಳಗೆ ಅಮೆಜಾನ್ ಶಾಪಿಂಗ್ ಅಂತ ಇದೆ. ಅಲ್ಲಿ ವಸ್ತುವಿನ ಹೆಸರು ಹೇಳಬೇಕೋ ಬೇಡವೋ ಅಂತ ಆರಿಸಬಹುದು. ಉಡುಗೊರೆ ಅಂತ ಗುರುತು ಮಾಡಿದ ವಸ್ತುಗಳಿಗೆ ಬೇರೆಯೇ ಗುಂಡಿ ಇದೆ. ನಿಮ್ಮ ಮನೆಯಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲ, ಇದ್ದವರಿಗೆ ಉಪಯೋಗ ಆಗಲಿ. ಗುಟ್ಟನ್ನು ಗಟ್ಟಿಯಾಗಿ ಓದಿ ಹೇಳುವ ಸಾಧನವನ್ನು ನಾವೇ ದುಡ್ಡು ಕೊಟ್ಟು ತಂದು ಹಾಲ್‌ನಲ್ಲಿ ಇಟ್ಟುಕೊಂಡಿದ್ದೇವೆ, ಏನು ಹೇಳೋಣ.

ಫೋನ್ ಲಾಕ್ ಆಗಿದ್ದಾಗ ಪರದೆಯ ಮೇಲೆ ಮೆಸೇಜ್ ಪೂರ್ತಿ ಕಾಣದ ಹಾಗೆ ಮಾಡಿ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಆಗುತ್ತದೆ. ಡೆಲಿವರಿ ಒಟಿಪಿ ಬಂದಾಗ ಫೋನ್ ಮಗಳ ಕೈಯಲ್ಲಿ ಇರದಂತೆಯೂ ನೋಡಿಕೊಳ್ಳಿ.

---

ಎಡಗೈ ಬರಹ ಉತ್ತರ:

ಇಷ್ಟಕ್ಕೇ ಹೆದರಬೇಡಿ, ಇದಕ್ಕಿಂತ ದೊಡ್ಡ ಗುಟ್ಟು ರಟ್ಟಾದ ಕಥೆ ಇದೆ. 2007ರ ನವೆಂಬರಿನಲ್ಲಿ ಫೇಸ್‌ಬುಕ್ 'ಬೀಕನ್' ಅಂತ ಒಂದು ಶುರು ಮಾಡಿತು. ಬೇರೆ ವೆಬ್‌ಸೈಟಿನಲ್ಲಿ ನೀವು ಏನಾದರೂ ಕೊಂಡರೆ ಆ ಸುದ್ದಿ ನಿಮ್ಮ ಫೇಸ್‌ಬುಕ್ ಗೆಳೆಯರಿಗೆ ಹೋಗುವ ಏರ್ಪಾಡು. ಅಮೆರಿಕದಲ್ಲಿ ಒಬ್ಬ ಹೆಂಡತಿಗೆ ಗುಟ್ಟಾಗಿ ಕೊಡೋಣ ಅಂತ ಓವರ್‌ಸ್ಟಾಕ್ ಅನ್ನುವ ಸೈಟಿನಲ್ಲಿ ವಜ್ರದ ಉಂಗುರ ಕೊಂಡ. ಗೆಳೆಯರೆಲ್ಲರಿಗೂ ಕಂಡಿತು, ಹೆಂಡತಿಗೂ ಕಂಡಿತು. ಜನ ರೇಗಿದರು, ಮೊಕದ್ದಮೆ ಆಯಿತು, 2009ರಲ್ಲಿ ಬೀಕನ್ ಮುಚ್ಚಿದರು, 95 ಲಕ್ಷ ಡಾಲರಿಗೆ ರಾಜಿ ಆಯಿತು.

ಈಗ ಅಷ್ಟು ನೇರವಾಗಿ ಯಾರೂ ಹೇಳುವುದಿಲ್ಲ. ಜಾಹೀರಾತು ಹೇಳುತ್ತದೆ. ಒಮ್ಮೆ ಕೀಬೋರ್ಡ್ ಹುಡುಕಿ, ಆಮೇಲೆ ಸುದ್ದಿ ಓದಿದರೂ ಹವಾಮಾನ ನೋಡಿದರೂ ಪಕ್ಕದಲ್ಲಿ ಕೀಬೋರ್ಡ್. ಟ್ಯಾಬ್‌ನಲ್ಲಿ ಹುಡುಕಿದ್ದರೆ ಟ್ಯಾಬ್‌ನಲ್ಲಿ, ಎರಡು ಕಡೆಯೂ ಒಂದೇ ಗೂಗಲ್ ಅಕೌಂಟ್ ಇದ್ದರೆ ಫೋನಿನಲ್ಲಿ ಹುಡುಕಿದ್ದು ಕೂಡ ಟ್ಯಾಬ್‌ನಲ್ಲಿ. ಅದಕ್ಕೇ ಲಾಗಿನ್ ಇಲ್ಲದ ಇನ್‌ಕಾಗ್ನಿಟೋ ಅಂತ ಹಳೇಕೀಲಿ ಹೇಳಿದ್ದು. ಯೂಟ್ಯೂಬ್‌ನಲ್ಲಿ 'ಕಲಿಯುವವರಿಗೆ ಯಾವ ಕೀಬೋರ್ಡ್ ಒಳ್ಳೆಯದು' ಅಂತ ನೋಡಿದ್ದರೆ ಅದನ್ನೂ ಹಿಸ್ಟರಿಯಿಂದ ತೆಗೆಯಿರಿ. ಮಕ್ಕಳಿಗೆ ಮೊದಲು ಕಾಣುವುದೇ ಯೂಟ್ಯೂಬ್.

---

ನೇರಮಾತು ಉತ್ತರ:

ಇಷ್ಟೆಲ್ಲ ಯಾಕೆ ಒದ್ದಾಡುತ್ತೀರಿ? ಅಂಗಡಿಗೆ ಹೋಗಿ, ನೋಟು ಕೊಟ್ಟು, ತಗೊಂಡು ಬನ್ನಿ.

---

ಹಳೇಕೀಲಿ ಉತ್ತರ:

ನೇರಮಾತು, ಸರಿಯೇ. ಸಂಗೀತದ ವಾದ್ಯವನ್ನಂತೂ ಕೈಯಿಟ್ಟು ನೋಡಿ ತರುವುದೇ ಮೇಲು. ಆದರೆ ಎಲ್ಲರಿಗೂ ಹತ್ತಿರದಲ್ಲಿ ಅಂಥ ಅಂಗಡಿ ಇರುವುದಿಲ್ಲ.

ಒಂದು ವಿಷಯ ಬಿಟ್ಟುಹೋಗಿತ್ತು. ಗುಟ್ಟು ಉಳಿಸಲು ನಾವು ಬೇಗ ಕೊಂಡು ಬಚ್ಚಿಡುತ್ತೇವೆ. ವಾಪಸಾತಿಯ ದಿನ ಎಣಿಕೆ ಶುರುವಾಗುವುದು ಹುಟ್ಟುಹಬ್ಬದ ದಿನದಿಂದ ಅಲ್ಲ, ಪೆಟ್ಟಿಗೆ ಬಂದ ದಿನದಿಂದ. ಒಂದೂವರೆ ತಿಂಗಳು ಮೊದಲೇ ತರಿಸಿ ಅಟ್ಟದ ಮೇಲೆ ಇಟ್ಟು, ಆ ದಿನ ಮಗಳು ತೆರೆದಾಗ ಮೂರು ಕೀಲಿ ಸದ್ದೇ ಮಾಡದಿದ್ದರೆ? ಅಷ್ಟು ಹೊತ್ತಿಗೆ ವಾಪಸ್ ಕೊಡುವ ಗಡುವು ದಾಟಿರುತ್ತದೆ, ಉಳಿಯುವುದು ವಾರಂಟಿ ರಿಪೇರಿ ಮಾತ್ರ. ಅದಕ್ಕೆ ತಡವಾಗಿ ತರಿಸಿ, ಇಲ್ಲವೇ ಗೆಳತಿಯ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿ, ಕರೆಂಟಿಗೆ ಹಾಕಿ, ಪ್ರತಿ ಕೀಲಿಯನ್ನೂ ಒಮ್ಮೆ ಒತ್ತಿ ನೋಡಿ ಮತ್ತೆ ಪ್ಯಾಕ್ ಮಾಡಿ. ಬಿಚ್ಚಿದ ಪೆಟ್ಟಿಗೆ ಅಂತ ಮಗಳೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬಿಲ್ಲನ್ನು ಡೌನ್‌ಲೋಡ್ ಮಾಡಿ ಎಲ್ಲಾದರೂ ಇಡಿ. ಗುಟ್ಟಿನ ಅಕೌಂಟಿನ ಪಾಸ್‌ವರ್ಡ್ ಎರಡು ವರ್ಷ ಬಿಟ್ಟು ಯಾರಿಗೂ ನೆನಪಿರುವುದಿಲ್ಲ, ನಿಮಗೂ.

---

ಹಿರಿಮಗ ಉತ್ತರ:

ನಾನು ಇನ್ನೊಂದು ಕಡೆಯವನು. ನೋಡಿಬಿಟ್ಟವನು.

ಹದಿನಾಲ್ಕರಲ್ಲಿ ಅಪ್ಪನ ಕಂಪ್ಯೂಟರಿನಲ್ಲಿ ಶಾಲೆಯ ಕೆಲಸ ಮಾಡುತ್ತಿದ್ದಾಗ ಆರ್ಡರ್ ಪುಟ ತೆರೆದೇ ಇತ್ತು. ನನಗೆ ಬೇಕಾಗಿದ್ದ ಕ್ಯಾಮೆರಾ. ಬೇಕಂತ ನೋಡಿದ್ದಲ್ಲ, ಕಂಡಿತು. ಆಮೇಲೆ ಎರಡು ವಾರ ಖುಷಿಪಡಬೇಕಿತ್ತು ಅಲ್ವಾ? ಆಗಲಿಲ್ಲ. ಆ ದಿನ ಮುಖ ಹೇಗೆ ಮಾಡಬೇಕು ಅಂತ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ. ಪೆಟ್ಟಿಗೆ ಬಿಚ್ಚಿದಾಗ ಕೂಗಿದ್ದು ಸ್ವಲ್ಪ ಜಾಸ್ತಿಯೇ ಆಯಿತು ಅಂತ ಕಾಣುತ್ತದೆ, ಅಮ್ಮ ಅಪ್ಪನ ಮುಖ ನೋಡಿದಳು. ಇವತ್ತಿಗೂ ಮೂವರಲ್ಲಿ ಯಾರೂ ಆ ಮಾತು ಎತ್ತಿಲ್ಲ.

ಹಾಗಾಗಿ ನನ್ನ ಮನೆಯಲ್ಲಿ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಹುಟ್ಟುಹಬ್ಬ ಇರುವವರು ಹಿಂದಿನ ಮೂರು ವಾರ ಆಪ್ ಮುಟ್ಟುವುದಿಲ್ಲ. ಅವರಿಗೆ ಏನಾದರೂ ಬೇಕಿದ್ದರೆ ಬೇರೆಯವರಿಗೆ ಹೇಳಿ ತರಿಸಿಕೊಳ್ಳುತ್ತಾರೆ. ಇದು ತಂತ್ರಜ್ಞಾನ ಅಲ್ಲ, ಮಕ್ಕಳು ಪೂರ್ತಿ ಪಾಲಿಸುತ್ತಾರೆ ಅಂತ ನಾನು ಆಣೆ ಮಾಡುವುದೂ ಇಲ್ಲ. ಆದರೆ ಗೊತ್ತಿಲ್ಲದೆ ಕಣ್ಣಿಗೆ ಬೀಳುವುದು ತಪ್ಪುತ್ತದೆ. ಬೇಕಂತಲೇ ಹುಡುಕಿ ನೋಡುವವರನ್ನು ಯಾರೂ ತಡೆಯಲಾರರು, ಅವರ ಖುಷಿ ಅವರೇ ಕಳೆದುಕೊಳ್ಳುತ್ತಾರೆ, ಇರಲಿ. ನಾವು ಕಾಪಾಡಬೇಕಾದದ್ದು ನನ್ನ ಹಾಗೆ ಸುಮ್ನೆ ಆ ಕಡೆ ಹೋದವರನ್ನು.

---

ಮೂರನೇ ಮಹಡಿ ಉತ್ತರ:

ಹಿರಿಮಗ, ಓದಿ ಮನಸ್ಸು ಒಂಥರಾ ಆಯಿತು.

ನಾನು ಬೇರೆ ಅಕೌಂಟ್ ಅಂತ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಮನೆಯಲ್ಲಿ ದೊಡ್ಡವರೊಬ್ಬರಿಗೆ ಆ ಅಕೌಂಟ್ ಇದೆ ಅಂತ ಗೊತ್ತಿರಲಿ. ಏನು ಕೊಂಡಿರಿ ಅಂತ ಹೇಳಬೇಡಿ, ಎಷ್ಟರವರೆಗೆ ಖರ್ಚು ಅಂತ ಹೇಳಿ. ನನ್ನ ಹೆಂಡತಿ ಆ ಪ್ಲಸ್ ಚಿಹ್ನೆಯ ಬಿಲ್ ನೋಡಿದಾಗ ಮೊದಲು ಕೇಳಿದ್ದು 'ಇದು ಯಾರಿಗೆ' ಅಂತ ಅಲ್ಲ, 'ಇನ್ನು ಎಷ್ಟು ಅಕೌಂಟ್ ಇದೆ' ಅಂತ. ಅವಳಿಗೇ ತರಿಸಿದ್ದು ಅಂತ ಒಪ್ಪಿಸುವಷ್ಟರಲ್ಲಿ ಉಡುಗೊರೆಯೂ ಹೋಯಿತು, ಮಾನವೂ ಹೋಯಿತು.

ಇನ್ನೊಂದು, ವಿಶ್‌ಲಿಸ್ಟ್ ಬಳಸುವವರು ಇದ್ದರೆ: ಮಗಳೇ ತನಗೆ ಬೇಕಾದ್ದನ್ನು ಪಟ್ಟಿ ಮಾಡಲಿ, ಅದು ಅವಳ ಪಟ್ಟಿ. ಅಮೆಜಾನ್ ಪಟ್ಟಿಯಲ್ಲಿ 'ನನಗೆ ಮೊದಲೇ ಗೊತ್ತಾಗದಿರಲಿ' ಅನ್ನುವ ಅರ್ಥದ ಒಂದು ಆಯ್ಕೆ ಇದೆ. ಬೇರೆ ಅಕೌಂಟಿನಿಂದ ಯಾರಾದರೂ ಅದರಿಂದ ಕೊಂಡರೂ ಪಟ್ಟಿ ಮಾಡಿದವರಿಗೆ ಸದ್ಯಕ್ಕೆ ಅದು ಮಾರಾಟವಾದ ಹಾಗೆ ಕಾಣುವುದಿಲ್ಲ. ಒಂದೇ ಅಕೌಂಟಿನೊಳಗೆ ಇದ್ದರೆ ಆರ್ಡರ್ ಪಟ್ಟಿ ಹೇಗೂ ಎದುರಿಗೇ ಇರುತ್ತದೆ.

---

ಬಾಯಿಬಿಡದವಳು ಉತ್ತರ:

ಎಲ್ಲರಿಗೂ ಥ್ಯಾಂಕ್ಸ್. ಹಿರಿಮಗ, ನಿಮ್ಮ ಕನ್ನಡಿ ಕಥೆ ಗಂಡನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು 'ನಾನೂ ಮಾಡಿದ್ದೆ' ಅಂದರು. ಬೈನಾಕ್ಯುಲರ್ ದಿನ ಅವರು ಅಷ್ಟು ಚೆನ್ನಾಗಿ ಬೆರಗಾದದ್ದು ಯಾಕೆ ಅಂತ ಈಗ ತಿಳಿಯಿತು.

ಮಾಡಿದ್ದು ಇಷ್ಟು. ಹೊಸ ಇಮೇಲ್, ಹೊಸ ಅಕೌಂಟ್, ನನ್ನದೇ ನಂಬರ್. ಗಂಡನಿಗೆ ಹೇಳಿದ್ದೇನೆ. ಗೆಳತಿಯ ಮನೆಯ ವಿಳಾಸ ಕೊಟ್ಟಿದ್ದೇನೆ, ಅವಳ ಮಗ ಕೀಬೋರ್ಡ್ ನುಡಿಸುತ್ತಾನೆ, ಎಲ್ಲ ಕೀಲಿ ಒತ್ತಿ ನೋಡುವ ಕೆಲಸ ಅವನಿಗೆ. ಹುಟ್ಟುಹಬ್ಬಕ್ಕೆ ಹತ್ತು ದಿನ ಇರುವಾಗ ಬರುವ ಹಾಗೆ ಆರ್ಡರ್ ಮಾಡುತ್ತೇನೆ. ಹುಡುಕಾಟವೆಲ್ಲ ಆಫೀಸಿನ ಊಟದ ಹೊತ್ತಿನಲ್ಲಿ, ಲಾಗಿನ್ ಇಲ್ಲದೆ.

ಎಲ್ಲ ಸರಿಯಾಯಿತು ಅಂದುಕೊಂಡೆ. ಈಗ ತಾನೇ ಮಗಳು ಲೆಕ್ಕ ಮಾಡಲು ನನ್ನ ಫೋನ್ ತಗೊಂಡಳು. ಕೊಡುವಾಗ ಕೇಳಿದಳು, 'ಅಮ್ಮಾ, ನಿನ್ನ ಫೋನಿನಲ್ಲಿ ಯಾಕೆ ಎರಡು ಇಮೇಲ್ ಇದೆ?' ಹಲ್ಲುಜ್ಜಿಕೊಂಡು ಬಾ ಹೇಳುತ್ತೇನೆ ಅಂತ ಕಳಿಸಿದ್ದೇನೆ. ಏನು ಹೇಳಲಿ, ಯಾರಾದರೂ ಬೇಗ ಹೇಳಿ!

---

ನೇರಮಾತು ಉತ್ತರ:

ಅಪ್ಪನಿಗೆ ಗುಟ್ಟಾಗಿ ಏನೋ ತರಿಸುತ್ತಿದ್ದೇನೆ, ಹೋದ ಸಲದ ಹಾಗೆ ಆಗಬಾರದು, ಬಾಯಿಬಿಡಬೇಡ ಅನ್ನಿ.

---

ಬಾಯಿಬಿಡದವಳು ಉತ್ತರ:

ಹೇಳಿದೆ. ನಂಬಿದಳು. ಏನು ಅಂತ ಹುಡುಕಲು ತಾನೇ ಸಹಾಯ ಮಾಡುತ್ತಾಳಂತೆ. ಈಗ ಗಂಡನಿಗೂ ಒಂದು ಕೊಳ್ಳಬೇಕು.